ಬಿಸಿಲು, ಮಳೆ ಎರಡೂ ಮೊದಲು ತಾರಸಿಗೇ

ಚಿಕ್ಕಬಳ್ಳಾಪುರ ಪಟ್ಟಣಕ್ಕಿಂತ ಗೌರಿಬಿದನೂರು ಸುಮಾರು 200 ಮೀಟರ್ ತಗ್ಗಿನಲ್ಲಿದೆ. ಅಷ್ಟು ಇಳಿದರೆ ಸಾಕು, ಬಿಸಿಲು ಒಂದೆರಡು ಡಿಗ್ರಿ ಜಾಸ್ತಿ. ಹಾಗಾಗಿ ಇಡೀ ಜಿಲ್ಲೆಗೆ ಒಂದೇ ಸುತ್ತೋಲೆ ಹೊರಡಿಸಿದರೆ ಸಾಲದು. ಬೇಸಿಗೆಯ ಸಿದ್ಧತೆ ಆಯಾ ಪಂಚಾಯಿತಿ ಕಟ್ಟಡದಲ್ಲೇ, ಅದೂ ತಾರಸಿಯಿಂದ ಶುರುವಾಗಬೇಕು.

ಕಾಂಕ್ರೀಟ್ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮಧ್ಯಾಹ್ನದ ಬಿಸಿ ಸ್ಲ್ಯಾಬ್ ದಾಟಿ ಕೆಳಗೆ ಇಳಿಯಲು ಕೆಲವು ಗಂಟೆ ಬೇಕು. ಹೊರಗೆ ಬಿಸಿಲು ಇಳಿಯುತ್ತಿದ್ದರೂ ಸಂಜೆ ನಾಲ್ಕರ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂತವರಿಗೆ ತಲೆ ಸಿಡಿಯುವುದು ಇದಕ್ಕೇ. ಆಮೇಲೆ ಕಿಟಕಿಗಳನ್ನೆಲ್ಲ ಮುಚ್ಚಿ ಬೀಗ ಹಾಕುತ್ತಾರೆ. ರಾತ್ರಿಯ ತಂಪು ಗಾಳಿ ಒಳಗೆ ಬರುವುದೇ ಇಲ್ಲ, ಬಿಸಿ ಒಳಗೇ ಉಳಿಯುತ್ತದೆ. ಮೇಲಿನ ಕಿಂಡಿಗಳಿಗೆ ಗಟ್ಟಿ ಜಾಲರಿ ಹಾಕಿಸಿ ರಾತ್ರಿ ತೆರೆದಿಟ್ಟರೆ ಖರ್ಚೂ ಕಮ್ಮಿ, ಕಳ್ಳರ ಭಯವೂ ಇರುವುದಿಲ್ಲ. ಫೆಬ್ರವರಿಯಲ್ಲೇ ತಾರಸಿಗೆ ಬಿಳಿ ಸುಣ್ಣ ಬಳಿಸಿ. ಹೊಸ ಸುಣ್ಣ ಬಿಸಿಲಿನ ದೊಡ್ಡ ಪಾಲನ್ನು ವಾಪಸ್ ಕಳಿಸುತ್ತದೆ. ಧೂಳು ಕೂತರೆ ಆ ಗುಣ ಕುಗ್ಗುತ್ತದೆ, ಹಾಗಾಗಿ ಪ್ರತಿ ವರ್ಷ ಬಳಿಯಲೇಬೇಕು. 2010ರ ಬಿಸಿಗಾಳಿಯಲ್ಲಿ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ಬಿಸಿಲಿಗೆಂದೇ ಯೋಜನೆ ಮಾಡಿತು. ಆಮೇಲೆ ಅಲ್ಲಿ ಬಡವರ ಮನೆಗಳ ಛಾವಣಿಗೂ ಬಿಳಿ ಬಳಿದರು.

ಫ್ಯಾನ್ ಇದೆಯಲ್ಲಾ ಅನ್ನಬೇಡಿ. ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾದ ಮೇಲೆ ತಂಪು ಕೊಡುವುದು ಬೆವರು ಆರುವುದರಿಂದ ಮಾತ್ರ. ಬೆವರಬೇಕಾದರೆ ನೀರು ಕುಡಿಯಬೇಕು. ಭರಣಿ ಮಳೆ ಬಂದು ಹೋದ ಮೇಲೆ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಆರುವುದಿಲ್ಲ. ಅದಕ್ಕೇ 34 ಡಿಗ್ರಿಯ ಅಂಥ ದಿನ 37 ಡಿಗ್ರಿಯ ಒಣ ದಿನಕ್ಕಿಂತ ಹೆಚ್ಚು ಹಿಂಸೆ ಅನ್ನಿಸಬಹುದು.

ಆ ಮಳೆಯ ಲೆಕ್ಕವನ್ನೂ ಒಮ್ಮೆ ಹಾಕಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ 5,000 ಲೀಟರ್. ಹೊಂಗೆ ಎಲೆಯೋ ನೀರಿನ ಬಾಟಲಿಯೋ ಪೈಪಿನ ಬಾಯಿಗೆ ಅಡ್ಡ ಕೂತಿದ್ದರೆ ಅಷ್ಟೂ ನೀರು ಅಲ್ಲೇ ನಿಂತು, ಬಿರುಕಿನಲ್ಲಿ ಜಿನುಗಿ ರೆಕಾರ್ಡ್ ರೂಮಿಗೆ ಇಳಿಯುತ್ತದೆ. ಅಲ್ಲಿ ಕೆಳಗಿನ ರ‍್ಯಾಕಿನಲ್ಲಿ ಏನಿರುತ್ತದೆ ಹೇಳಿ? ಹಳೇ ರಿಜಿಸ್ಟರ್‌ಗಳು. ಪಕ್ಕದಲ್ಲಿ ನೆಲದ ಮೇಲೇ ಯುಪಿಎಸ್. ಎರಡನ್ನೂ ಒಂದಡಿ ಎತ್ತರಿಸಿಡಲು ಯಾವ ಅನುದಾನಕ್ಕೂ ಕಾಯಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ಪೌರಕಾರ್ಮಿಕರಿಗೆ, ವಾಟರ್‌ಮನ್‌ಗಳಿಗೆ ಇದರಿಂದ ನೆರಳು ಸಿಗದು. ಅವರ ಕೆಲಸದ ಜಾಗ ಬೀದಿ. ಬೇಸಿಗೆಯಲ್ಲಿ ಅವರ ಕೆಲಸ ಬೆಳಿಗ್ಗೆ ಹನ್ನೊಂದರೊಳಗೆ ಮುಗಿಯಬೇಕು, ನೀರು, ಓಆರ್‌ಎಸ್ ಕೈಗೆ ಸಿಗುವಂತಿರಬೇಕು. ನನಗೆ ಹೆಚ್ಚು ಚಿಂತೆ ವಾಟರ್‌ಮನ್‌ಗಳದ್ದು. ಬೇಸಿಗೆ ಮಳೆ ಅಂದರೆ ಸಿಡಿಲು. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲೇ ಮೋಡವಿದೆ. ಆಗ ಓವರ್‌ಹೆಡ್ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ಒಳಗೇ ಇರಬೇಕು. ನೀರು ತಡವಾದರೆ ಊರಿನವರು ಬೈಯುತ್ತಾರೆ ಅಂತ ಅವರು ಹೆದರುತ್ತಾರೆ. ಬಿಟ್ಟು ಇಳಿದು ಬಾ ಅಂತ ಪಿಡಿಒ ಮೊದಲೇ ಹೇಳಿರಬೇಕು, ಗ್ರಾಮಸಭೆಯಲ್ಲಿ ಎಲ್ಲರ ಮುಂದೆ.