ಜರಡಿ ಸೋತಲ್ಲಿ ಸುತ್ತುವ ಗಾಳಿ

ಸಿಮೆಂಟ್ ಎಷ್ಟು ಬೇಗ ಗಟ್ಟಿಯಾಗುತ್ತದೆ, ಪ್ರಿಂಟರಿನ ಟೋನರ್ ಪುಡಿ ಎಷ್ಟು ಚೊಕ್ಕವಾಗಿ ಅಚ್ಚಾಗುತ್ತದೆ ಎಂಬುದರಲ್ಲಿ ಕಣದ ಗಾತ್ರದ ಪಾಲು ದೊಡ್ಡದು. ದಪ್ಪ ಕಣಗಳನ್ನು ಬೇರ್ಪಡಿಸಲು ಜರಡಿ ಸಾಕು. ಆದರೆ ಸುಮಾರು 40 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕೆಳಗೆ ಒಣ ಪುಡಿ ಜರಡಿಗೆ ಬಗ್ಗುವುದಿಲ್ಲ. ಕಣಗಳು ಒಂದಕ್ಕೊಂದು ಅಂಟುತ್ತವೆ, ತೂತುಗಳು ಕಟ್ಟಿಕೊಳ್ಳುತ್ತವೆ. ಅಂಥ ಪುಡಿಯನ್ನು ಗಾತ್ರದ ಪ್ರಕಾರ ವಿಂಗಡಿಸುವುದು ಸುತ್ತುವ ಗಾಳಿಯ ಯಂತ್ರ, ಅಂದರೆ ಏರ್ ಕ್ಲಾಸಿಫೈಯರ್.

ಗಾಳಿಯೇ ಸಾಕು ಅಂದರೆ ಸುಮ್ನೆ ಗಾಳಿಗೆ ತೂರಬಹುದಲ್ವಾ? ಕಾಳಿನಿಂದ ಹೊಟ್ಟು ಹಾರಿಸುವ ಉಪಾಯ ಬಹಳ ಹಳೆಯದು. ಅದು ನುಣ್ಣನೆಯ ಪುಡಿಗೆ ಯಾಕೆ ಸಾಲದು ಎಂದು 1851ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಕೊಟ್ಟ ಸೂತ್ರದಿಂದ ತಿಳಿಯುತ್ತದೆ. ಕಣದ ಅಗಲ ಅರ್ಧವಾದರೆ ಬೀಳುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ನಿಂತ ಗಾಳಿಯಲ್ಲಿ 10 ಮೈಕ್ರಾನ್‌ನ ಮರಳಿನ ಕಣ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಇಳಿಯುತ್ತದೆ. 1 ಮೈಕ್ರಾನ್‌ನದು ಅದರ ನೂರನೇ ಒಂದು ಪಾಲು ಮಾತ್ರ. ಇಷ್ಟು ನಿಧಾನದ ಬೀಳುವಿಕೆಯನ್ನು ನಂಬಿ ಕಾರ್ಖಾನೆ ನಡೆಸಲಾಗದು.

ಭೂಮಿಯ ಸೆಳೆತ ಸಾಲದಿದ್ದರೆ ತಿರುಗಿಸಬೇಕು. 10 ಸೆಂಟಿಮೀಟರ್ ತ್ರಿಜ್ಯದ ರೋಟರಿನ (ಸುತ್ತಲೂ ಪಟ್ಟಿಗಳಿರುವ, ತಿರುಗುವ ಚಕ್ರದ) ಅಂಚು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಸುತ್ತಿದರೆ, ಅಲ್ಲಿ ಕಣವನ್ನು ಹೊರಗೆ ತಳ್ಳುವ ಬಲ ಅದರ ತೂಕದ ಸುಮಾರು 2,500 ಪಟ್ಟು. ಅದೇ ಹೊತ್ತಿಗೆ ಫ್ಯಾನ್ ಗಾಳಿಯನ್ನು ರೋಟರಿನ ಒಳಕ್ಕೆ ಎಳೆಯುತ್ತದೆ. ದಪ್ಪ ಕಣ ಹೊರಕ್ಕೆ ಸಿಡಿಯುತ್ತದೆ, ಸಣ್ಣದು ಗಾಳಿಯ ಜೊತೆ ಒಳಗೆ ಹೋಗುತ್ತದೆ. ಎರಡೂ ಬಲ ಸಮವಾಗುವ ಗಾತ್ರವೇ ಕಟ್ ಸೈಜ್. ಅಷ್ಟು ಗಾತ್ರದ ಕಣ ಎರಡರಲ್ಲಿ ಯಾವ ಕಡೆಗಾದರೂ ಹೋಗಬಹುದು. ರೋಟರಿನ ವೇಗ ಎರಡು ಪಟ್ಟಾದರೆ ಕಟ್ ಸೈಜ್ ಹೆಚ್ಚುಕಡಿಮೆ ಅರ್ಧವಾಗುತ್ತದೆ. ರೋಟರನ್ನು ನೋಡಿದವರು ಅದರ ಪಟ್ಟಿಗಳ ಸಂದಿಯೇ ಜರಡಿ ಅಂದುಕೊಳ್ಳುತ್ತಾರೆ. ಆದರೆ ಆ ಸಂದಿಗಳು ಕಣಕ್ಕಿಂತ ಎಷ್ಟೋ ಪಟ್ಟು ಅಗಲ. ವಿಂಗಡಣೆ ನಡೆಯುವುದು ಗಾಳಿಯಲ್ಲೇ. ಈ ಯಂತ್ರದ ನಿಜವಾದ ಜಾಣತನ ಇದು.

ಇಲ್ಲಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು. 1880ರ ದಶಕದಲ್ಲಿ ಮಮ್‌ಫರ್ಡ್ ಮತ್ತು ಮೂಡಿ ಎಂಬವರು ಪುಡಿ ವಿಂಗಡಿಸಲು ರೂಪಿಸಿದ ಸೆಪರೇಟರ್‌ನಲ್ಲಿ ಫ್ಯಾನ್, ಪುಡಿ ಚೆಲ್ಲುವ ತಟ್ಟೆ ಎಲ್ಲ ಒಂದೇ ಪೆಟ್ಟಿಗೆಯೊಳಗಿದ್ದವು. ಅದೇ ಗಾಳಿ ಮತ್ತೆ ಮತ್ತೆ ಒಳಗೇ ಸುತ್ತುತ್ತಿತ್ತು. ಆ ಗಾಳಿಯಲ್ಲೇ ಉಳಿದ ನುಣುಪು ಪುಡಿ ದಪ್ಪದ ಜೊತೆ ಸೇರಿ ಅರೆಯುವ ಮಿಲ್ಲಿಗೆ ವಾಪಸಾಗುತ್ತಿತ್ತು. ಆಗಲೇ ಅರೆದದ್ದನ್ನು ಮತ್ತೆ ಅರೆಯುವುದೆಂದರೆ ವಿದ್ಯುತ್ ಸುಮ್ನೆ ಹಾಳು. ಮುಂದಿನ ಪೀಳಿಗೆ ಫ್ಯಾನನ್ನು ಹೊರಗಿಟ್ಟು, ನುಣುಪನ್ನು ಹಿಡಿಯಲು, ಗಾಳಿಯನ್ನು ಸುಳಿಯಂತೆ ಸುತ್ತಿಸಿ ಪುಡಿ ಬೇರ್ಪಡಿಸುವ ಸೈಕ್ಲೋನ್‌ಗಳನ್ನು ಸುತ್ತ ಜೋಡಿಸಿತು. 1970ರ ದಶಕದ ಕೊನೆಗೆ ಜಪಾನಿನ ಒನೋಡಾ ಸಿಮೆಂಟ್ ಕಂಪನಿ ಓ-ಸೆಪಾ ಎಂಬ ಹೊಸ ಸೆಪರೇಟರ್ ತಂದಿತು. ಅದರಲ್ಲಿ ಪಂಜರದಂಥ ರೋಟರ್, ಸುತ್ತ ಗಾಳಿಗೆ ದಾರಿ ತೋರುವ ಪಟ್ಟಿಗಳು. ರೋಟರಿನ ಉದ್ದಕ್ಕೂ ಗಾಳಿ ಒಂದೇ ಸಮ ಹರಿಯತೊಡಗಿತು. ನನಗೆ ಇದೇ ದೊಡ್ಡ ತಿರುವು ಅನಿಸುತ್ತದೆ.

ಅಂಟಿಕೊಳ್ಳುವ ತೊಂದರೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಹತ್ತಾರು ಸಣ್ಣ ಕಣಗಳ ಮುದ್ದೆಯನ್ನು ಗಾಳಿ ಒಂದು ದಪ್ಪ ಕಣ ಎಂದೇ ಲೆಕ್ಕ ಹಾಕಿ ಹೊರಗೆ ಕಳಿಸುತ್ತದೆ. ಪುಡಿ ನುಣುಪಾದಷ್ಟೂ ಈ ಕಾಟ ಜಾಸ್ತಿ. ಅದಕ್ಕೇ ರೋಟರಿನ ಹತ್ತಿರ ಬರುವ ಮೊದಲೇ ಪುಡಿಯನ್ನು ತಿರುಗುವ ತಟ್ಟೆಗೋ ಜೋರು ಗಾಳಿಗೋ ಕೊಟ್ಟು ಬಿಡಿಬಿಡಿ ಮಾಡುತ್ತಾರೆ. ತೇವ ಇದ್ದರೆ ಮೊದಲು ಒಣಗಿಸುತ್ತಾರೆ.