ದಡ್ಡನಿಗೆ ತಾನು ದಡ್ಡ ಅಂತ ಯಾಕೆ ಗೊತ್ತಾಗುವುದಿಲ್ಲ? (ನಾನು ಎಡವಿದ ಜಾಗದ ಸಮೇತ)

ಡನ್ನಿಂಗ್-ಕ್ರೂಗರ್ ಪರಿಣಾಮ (ಕಡಿಮೆ ಬಲ್ಲವರು ತಮಗೆ ಇರುವುದಕ್ಕಿಂತ ಹೆಚ್ಚು ಗೊತ್ತು ಅಂದುಕೊಳ್ಳುವುದು) ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ನಿನ್ನೆ ಕೂತು ನನ್ನ ಪುಸ್ತಕದಲ್ಲಿ ಅದರ ಅಧ್ಯಾಯವನ್ನು ಸರಿಯಾಗಿ ಓದಿದ ಮೇಲೆ, ಗೊತ್ತಿರಲಿಲ್ಲ ಅಂತ ಗೊತ್ತಾಯಿತು. ನಗಬೇಡಿ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕಥೆ ಶುರುವಾಗುವುದು ಒಬ್ಬ ಕಳ್ಳನಿಂದ. 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ಹಾಡಹಗಲೇ ಎರಡು ಬ್ಯಾಂಕ್ ದೋಚಿದ. ಮುಸುಕಿಲ್ಲ, ಏನಿಲ್ಲ. ಮುಖಕ್ಕೆ ನಿಂಬೆರಸ ಹಚ್ಚಿಕೊಂಡಿದ್ದ, ಅಷ್ಟೇ. ಹಾಗೆ ಹಚ್ಚಿದರೆ ಕ್ಯಾಮೆರಾಗೆ ಮುಖ ಕಾಣಿಸುವುದಿಲ್ಲ ಅಂತ ಅವನ ನಂಬಿಕೆ. ಸಿಕ್ಕಿಬಿದ್ದು, ಪೊಲೀಸರು ವಿಡಿಯೋ ತೋರಿಸಿದಾಗ, "ರಸ ಹಚ್ಚಿದ್ದೆನಲ್ಲ!" ಅಂತ ಅವನಿಗೇ ಆಶ್ಚರ್ಯ. ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ 1999ರಲ್ಲಿ ಬರೆದ ಲೇಖನ ಇದೇ ಕಥೆಯಿಂದ ಶುರುವಾಗುತ್ತದೆ. ಮುಂದಿನ ವರ್ಷ ಅದಕ್ಕೆ ಇಗ್ ನೊಬೆಲ್ ಕೂಡ ಬಂತು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಮುಖ್ಯ ಮಾತು ಸುಲಭ. ಒಂದು ಕೆಲಸ ಮಾಡಲು ಬೇಕಾದ ತಿಳಿವಳಿಕೆಯೇ, ಅದನ್ನು ಸರಿಯಾಗಿ ಮಾಡಿದೆನಾ ಅಂತ ನೋಡಲೂ ಬೇಕು. ವ್ಯಾಕರಣ ಬರದವನಿಗೆ ತನ್ನ ವಾಕ್ಯದ ತಪ್ಪು ಹೇಗೆ ಕಾಣಬೇಕು?

ನಾನು ಬಿದ್ದ ಗುಂಡಿ

ಕ್ರೂಗರ್ ಮತ್ತು ಡನ್ನಿಂಗ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಹಾಸ್ಯ, ತರ್ಕ, ವ್ಯಾಕರಣದ ಪರೀಕ್ಷೆ ಕೊಟ್ಟರು. ಕೆಳಗಿನ ಕಾಲು ಭಾಗದವರು ನಿಜವಾಗಿ ಇದ್ದದ್ದು 12ನೇ ಪರ್ಸೆಂಟೈಲ್‌ನಲ್ಲಿ. ತಾವು ಇದ್ದೇವೆ ಅಂದುಕೊಂಡಿದ್ದು 62ನೇ ಪರ್ಸೆಂಟೈಲ್‌ನಲ್ಲಿ.

ನಾನು ಇದನ್ನು "12 ಅಂಕ ಬಂತು, 62 ಬಂದಿದೆ ಅಂದುಕೊಂಡರು" ಅಂತ ಓದಿದೆ. ಮೂರು ಸಲ ಹಾಗೇ ಓದಿದೆ. ತಪ್ಪು.

ಪರ್ಸೆಂಟೈಲ್ ಅಂಕ ಅಲ್ಲ, ಸಾಲಿನಲ್ಲಿ ನಿಮ್ಮ ಜಾಗ. ನೂರು ಜನರನ್ನು ಅಂಕದ ಪ್ರಕಾರ ನಿಲ್ಲಿಸಿ. 12ನೇ ಪರ್ಸೆಂಟೈಲ್ ಅಂದರೆ ನಿಮ್ಮ ಹಿಂದೆ ಸುಮಾರು 12 ಜನ ಇದ್ದಾರೆ, ಉಳಿದವರೆಲ್ಲ ಮುಂದೆ. ನಿಮಗೆ ನೂರಕ್ಕೆ 80 ಬಂದಿರಬಹುದು. ಪ್ರಶ್ನೆಪತ್ರಿಕೆ ಸುಲಭವಾಗಿದ್ದು ಹೆಚ್ಚಿನವರಿಗೆ 85 ಬಂದಿದ್ದರೆ, 80 ಬಂದರೂ ನೀವು ಹಿಂದೆಯೇ.

ಇನ್ನೊಂದು ವಿಷಯ ಹೊಳೆಯಲು ನನಗೆ ಇನ್ನರ್ಧ ಗಂಟೆ ಬೇಕಾಯಿತು. ಕೆಳಗಿನ ಕಾಲು ಭಾಗ ಅಂದರೆ 0ಯಿಂದ 25ರವರೆಗಿನವರು. ಅವರ ಸರಾಸರಿ ಜಾಗ ಎಲ್ಲಿರುತ್ತದೆ? 12ರ ಆಸುಪಾಸು! ಎಂಥ ಮೇಧಾವಿಗಳನ್ನು ಕೂರಿಸಿ ಪರೀಕ್ಷೆ ಮಾಡಿದರೂ ಕೆಳಗಿನ ಕಾಲು ಭಾಗ 12ರ ಹತ್ತಿರವೇ ಇರುತ್ತದೆ. ಅಂದರೆ 12 ಅವರು ಕಂಡುಹಿಡಿದದ್ದಲ್ಲ, ಅದು ಬರೀ ಲೆಕ್ಕ. ಸುದ್ದಿ ಇರುವುದು 62ರಲ್ಲಿ ಮಾತ್ರ. ನಾನು ಇಷ್ಟು ದಿನ "ಅಯ್ಯೋ, ಬರೀ 12!" ಅಂತ ಅವರ ಮೇಲೆ ಸುಮ್ನೆ ಮರುಕಪಟ್ಟಿದ್ದೆ.

ಇದಕ್ಕೆ ನನ್ನದೇ ಒಂದು ಸೂತ್ರ: ಅಂಕ ಊಹಿಸಲು ಕನ್ನಡಿ ಸಾಕು, ಪರ್ಸೆಂಟೈಲ್ ಊಹಿಸಲು ಕಿಟಕಿಯೂ ಬೇಕು. ನನ್ನನ್ನೂ ನೋಡಬೇಕು, ಬೇರೆಯವರನ್ನೂ ನೋಡಬೇಕು. ಎರಡು ಊಹೆ, ತಪ್ಪಲು ಎರಡು ದಾರಿ. ಕೆಳಗಿನವರು ಕನ್ನಡಿಯಲ್ಲಿ ತಪ್ಪಿದರು. ಮೇಲಿನವರೂ ತಪ್ಪಿದರು, ಅವರದ್ದು ಕಿಟಕಿಯ ತಪ್ಪು. ತಮಗೆ ಸುಲಭವಾದದ್ದು ಎಲ್ಲರಿಗೂ ಸುಲಭ ಅಂದುಕೊಂಡು ತಮ್ಮ ಜಾಗವನ್ನು ಕಡಿಮೆ ಹೇಳಿದರು. ಆಮೇಲೆ ಬೇರೆಯವರ ಉತ್ತರಪತ್ರಿಕೆ ತೋರಿಸಿದಾಗ ಮೇಲಿನವರು ತಮ್ಮ ಊಹೆ ತಿದ್ದಿಕೊಂಡರು. ಕೆಳಗಿನವರು ಅದೇ ಪತ್ರಿಕೆ ನೋಡಿಯೂ ತಿದ್ದಿಕೊಳ್ಳಲಿಲ್ಲ. ನನಗೆ ಇಡೀ ಲೇಖನದಲ್ಲಿ ಇಷ್ಟವಾದ ಜಾಗ ಇದು.

ಡನ್ನಿಂಗ್-ಕ್ರೂಗರ್ ಹೆಸರಲ್ಲಿ ಎಲ್ಲೆಡೆ ಓಡಾಡುವ ಆ ಬೆಟ್ಟದಂಥ ಗ್ರಾಫ್ ನೆನಪಿದೆಯಲ್ಲ? ಏನೂ ಗೊತ್ತಿಲ್ಲದವನು ಆತ್ಮವಿಶ್ವಾಸದ ತುದಿಯಲ್ಲಿ, ಆಮೇಲೆ ದೊಡ್ಡ ಕಣಿವೆ. ಅದು 1999ರ ಲೇಖನದಲ್ಲಿ ಇಲ್ಲವೇ ಇಲ್ಲ. ಅಲ್ಲಿರುವ ಊಹೆಯ ಗೆರೆ ಬೆಟ್ಟ ಹತ್ತಿ ಇಳಿಯುವುದಿಲ್ಲ, ಹೆಚ್ಚುಕಡಿಮೆ ಚಪ್ಪಟೆ. ಕೆಳಗಿನವರೂ "ಎಲ್ಲರಿಗಿಂತ ನಾವೇ ಜಾಣರು" ಅನ್ನಲಿಲ್ಲ, "ನಡುವಿಗಿಂತ ಸ್ವಲ್ಪ ಮೇಲೆ" ಅಂದರು ಅಷ್ಟೇ. ಈ ಅಂತರದಲ್ಲಿ ಒಂದಷ್ಟು ಬರೀ ಅಂಕಿಅಂಶದ ಆಟ ಅಂತ ಆಕ್ಷೇಪವೂ ಇದೆ. ತೀರಾ ಕೆಳಗಿರುವವನು ತಪ್ಪಾಗಿ ಊಹಿಸಬೇಕೆಂದರೆ ಮೇಲಕ್ಕೇ ಊಹಿಸಬೇಕು, ಕೆಳಗೆ ಜಾಗ ಎಲ್ಲಿದೆ?

ಸರಾಸರಿಗಿಂತ ಮೇಲೆ

ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 93% ಅಮೆರಿಕನ್ನರು ತಮ್ಮ ಗುಂಪಿನ ಮಧ್ಯಾಂಕಕ್ಕಿಂತ (ಸಾಲಿನ ನಟ್ಟನಡುವೆ ನಿಂತವರ ಮಟ್ಟಕ್ಕಿಂತ) ಚೆನ್ನಾಗಿ ಗಾಡಿ ಓಡಿಸುತ್ತೇವೆ ಅಂದರು. ಸ್ವೀಡನ್ನರು ಸ್ವಲ್ಪ ಸಂಕೋಚದವರು, 69%. ಇಲ್ಲಿ "ಮಧ್ಯಾಂಕ" ಅನ್ನುವ ಪದ ಬಿಡಬೇಡಿ. ಸರಾಸರಿಗಿಂತ ಮೇಲೆ ಅರ್ಧಕ್ಕಿಂತ ಜಾಸ್ತಿ ಜನ ಇರಬಹುದು. ಕಾಲುಗಳ ಸಂಖ್ಯೆಯಲ್ಲಿ ನೀವೂ ಬಹುಶಃ ಸರಾಸರಿಗಿಂತ ಮೇಲೆ. ಕೆಲವರಿಗೆ ಒಂದೇ ಕಾಲಿರುವುದರಿಂದ ಸರಾಸರಿ ಎರಡಕ್ಕಿಂತ ಚೂರು ಕಡಿಮೆ, ಅಲ್ವಾ? ಮಧ್ಯಾಂಕದಲ್ಲಿ ಈ ಆಟ ನಡೆಯುವುದಿಲ್ಲ.

ಸುಖದ ಭಾಗ

ತನ್ನ ಜಾಗ ಗೊತ್ತಿಲ್ಲದವನೇ ಸುಖಿಯಾ? ಅಧ್ಯಾಯದಲ್ಲಿ ನೇರ ಉತ್ತರ ಇಲ್ಲ. ಬದಲಿಗೆ ಬ್ರಿಕ್‌ಮನ್ ಮತ್ತು ಜೊತೆಗಾರರ 1978ರ ಅಧ್ಯಯನ ಇದೆ: ಲಾಟರಿ ಗೆದ್ದ 22 ಜನ, ಅಪಘಾತದಿಂದ ಅಂಗ ಸ್ವಾಧೀನ ಕಳೆದುಕೊಂಡ 29 ಜನ, ಹೋಲಿಕೆಗೆ ಇನ್ನೂ 22 ಜನ. "ಕೊನೆಗೆ ಎಲ್ಲರೂ ಒಂದೇ ಸಮ ಸುಖಿಗಳು" ಅಂತ ನಾನು ಕೇಳಿದ್ದೆ. ಅದೂ ತಪ್ಪು. ಎಷ್ಟು ಸುಖಿಗಳು ಅನ್ನುವುದಕ್ಕೆ 5ರಲ್ಲಿ ಲಾಟರಿ ಗೆದ್ದವರು ಕೊಟ್ಟುಕೊಂಡ ಅಂಕ 4.00, ಸಾಮಾನ್ಯರು 3.82, ಅಪಘಾತಕ್ಕೆ ಸಿಕ್ಕವರು 2.96. ಮೊದಲೆರಡು ಹತ್ತಿರ, ಮೂರನೆಯದು ಸ್ಪಷ್ಟವಾಗಿ ಕೆಳಗೆ.

ಸ್ವಾರಸ್ಯ ಇರುವುದು ಸಣ್ಣಪುಟ್ಟ ಖುಷಿಗಳಲ್ಲಿ. ಗೆಳೆಯರ ಜೊತೆ ಹರಟೆಯಂಥ ದಿನನಿತ್ಯದ ಸಂತೋಷಕ್ಕೆ ಲಾಟರಿಯವರು ಕೊಟ್ಟದ್ದು 3.33, ಸಾಮಾನ್ಯರು 3.82. ಅಪಘಾತದವರು ತಮ್ಮ ಹಳೆಯ ದಿನಗಳಿಗೆ 4.41 ಕೊಟ್ಟರು, ಮೂರೂ ಗುಂಪಿನಲ್ಲಿ ಅದೇ ಜಾಸ್ತಿ. ನನ್ನ ಸೂತ್ರದಲ್ಲಿ ಹೇಳುವುದಾದರೆ, ಇಲ್ಲಿ ಕಿಟಕಿ ಪಕ್ಕದ ಮನೆಯ ಕಡೆ ಇಲ್ಲ, ತಮ್ಮದೇ ನಿನ್ನೆಯ ಕಡೆ ಇದೆ.

ಅಧ್ಯಾಯದ ಕೊನೆಯ 10 ಪ್ರಶ್ನೆಗಳಿಗೆ ಉತ್ತರಿಸುವ ಮೊದಲು 9 ಸರಿಯಾಗುತ್ತದೆ ಅಂತ ಬರೆದಿಟ್ಟಿದ್ದೆ. 6 ಸರಿಯಾಯಿತು. ಪರ್ಸೆಂಟೈಲ್ ಮಾತ್ರ ಕೇಳಬೇಡಿ, ಪರೀಕ್ಷೆ ಬರೆದವಳು ನಾನೊಬ್ಬಳೇ.