ಕರೆಂಟು ಹೋದಾಗ ಯುಪಿಎಸ್‌ನಲ್ಲಿ ಸಂಪ್ ಮೋಟಾರ್ ಓಡುತ್ತಾ?

ಪ್ರಶ್ನೆ: ನಮ್ಮದು ಎರಡು ಮಹಡಿ ಮನೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಲು ಅರ್ಧ ಎಚ್‌ಪಿ ಮೋಟಾರ್ ಇದೆ. ದೀಪ, ಫ್ಯಾನಿಗೆಂದು 900 ವಿಎ ಯುಪಿಎಸ್, 150 ಎಎಚ್ ಬ್ಯಾಟರಿ ಇದೆ. ಮೋಟಾರನ್ನೂ ಅದಕ್ಕೇ ಸೇರಿಸಬಹುದಾ? ಅಂಗಡಿಯವರು ಆಗುತ್ತೆ ಅಂತಾರೆ. ಎಲೆಕ್ಟ್ರಿಷಿಯನ್ ಬೇಡವೇ ಬೇಡ ಅಂತಾರೆ. ಯಾರ ಮಾತು ಕೇಳೋಣ?

ಉತ್ತರ: ಈ ಸಲ ಎಲೆಕ್ಟ್ರಿಷಿಯನ್ ಮಾತು ಕೇಳಿ. ಆದರೆ ಬ್ಯಾಟರಿ ಸಾಲದು ಅನ್ನುವುದು ಇದಕ್ಕೆ ಕಾರಣವಲ್ಲ. ತುಂಬಾ ಜನ ಎಡವುವುದು ಇಲ್ಲೇ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅರ್ಧ ಎಚ್‌ಪಿ ಅಂದರೆ 373. ಇದು ಮೋಟಾರ್ ಶಾಫ್ಟಿನಲ್ಲಿ ಕೊಡುವ ಶಕ್ತಿ. ಚಿಕ್ಕ ಮೋಟಾರುಗಳಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಕರೆಂಟು ಬಿಸಿಯಾಗಿಯೇ ಹೋಗುತ್ತದೆ. ಹಾಗಾಗಿ ಅದು ಎಳೆಯುವುದು ಸುಮಾರು 650 ವ್ಯಾಟ್. ಎರಡು ಮಹಡಿ ಎತ್ತರಕ್ಕೆ ಇಂಥ ಪಂಪು ನಿಮಿಷಕ್ಕೆ ಹೆಚ್ಚುಕಡಿಮೆ 30 ಲೀಟರ್ ಏರಿಸುತ್ತದೆ ಅಂತ ಇಟ್ಟುಕೊಳ್ಳಿ. 500 ಲೀಟರಿಗೆ ಹದಿನೇಳು ನಿಮಿಷ. ಖರ್ಚಾಗುವುದು 200 ವ್ಯಾಟ್-ಅವರಿಗೂ ಕಡಿಮೆ. ನಿಮ್ಮ ಬ್ಯಾಟರಿಯಲ್ಲಿ ಲೆಕ್ಕಕ್ಕೆ 12 ವೋಲ್ಟ್ ಗುಣಿಸು 150 ಎಎಚ್, ಅಂದರೆ 1800 ವ್ಯಾಟ್-ಅವರ್ ಇದೆ. ಅದರಲ್ಲಿ ಅರ್ಧ ಮಾತ್ರ ಕೈಗೆ ಸಿಕ್ಕರೂ 500 ಲೀಟರ್ ಏರಿಸಲು ಏನೂ ತೊಂದರೆಯಿಲ್ಲ.

ತೊಂದರೆ ಇರುವುದು ಮೊದಲ ಒಂದೆರಡು ಕ್ಷಣದಲ್ಲಿ. ನಿಂತ ಮೋಟಾರ್ ತಿರುಗಲು ಶುರುವಾಗುವಾಗ ಓಡುವ ಹೊತ್ತಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸ್ವಿಚ್ ಹಾಕಿದಾಗ ಮನೆಯ ಬಲ್ಬು ಒಮ್ಮೆ ಮಂಕಾಗುತ್ತದಲ್ವಾ, ಅದೇ ಇದು. ನಿಮ್ಮ ಮೋಟಾರ್ ಓಡುವಾಗ 3 ಆಂಪಿಯರ್ ಚಿಲ್ಲರೆ, ಶುರುವಾಗುವಾಗ 15ರಿಂದ 20. ವಿಎ (ವೋಲ್ಟ್ ಗುಣಿಸು ಆಂಪಿಯರ್) ಲೆಕ್ಕದಲ್ಲಿ ಹೇಳಿದರೆ ಮೂರೂವರೆ ಸಾವಿರ ದಾಟುತ್ತದೆ. 900 ವಿಎ ಡಬ್ಬ ಅದನ್ನು ಎಲ್ಲಿಂದ ತರಬೇಕು? ಓವರ್‌ಲೋಡ್ ದೀಪ ಹತ್ತಿಸಿ, ಕುಂಯ್ ಅಂತ ಕೂಗಿ ನಿಂತುಬಿಡುತ್ತದೆ. ನಾನೂ ಒಮ್ಮೆ ಇದನ್ನು ಮಾಡಿ ನೋಡಿದ್ದೇನೆ. ಮೂರು ಸಲ ಟ್ರಿಪ್ ಆಯಿತು. ನಾಲ್ಕನೇ ಸಲ ಹೇಗೋ ಓಡಿತು. ಆ ನಾಲ್ಕನೇ ಸಲದ ಖುಷಿಯೇ ಅಪಾಯ. ವೋಲ್ಟೇಜು ಕುಸಿದು ಮೋಟಾರ್ ತಿರುಗದೆ ಬರೀ ಗುಂಯ್ ಅನ್ನುತ್ತಾ ನಿಂತರೆ, ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಸುಡುತ್ತದೆ. ಆ ಸದ್ದು ಕೇಳಿದ ಕೂಡಲೇ ಆಫ್ ಮಾಡಿ. ಇನ್ನೊಂದು ಸಲ ನೋಡೋಣ ಅನ್ನಬೇಡಿ.

ಯುಪಿಎಸ್ ಸ್ಕ್ವೇರ್ ವೇವ್ ಆಗಿದ್ದರಂತೂ ಪ್ರಯತ್ನವೇ ಬೇಡ. ಮೋಟಾರಿಗೆ ಬೇಕಾದದ್ದು ಲೈನ್ ಕರೆಂಟಿನಂತೆ ನಯವಾಗಿ ಏರಿಳಿಯುವ ಸೈನ್ ವೇವ್. ಸ್ಕ್ವೇರ್ ವೇವ್‌ನಲ್ಲಿ ಓಡಿದರೂ ಸದ್ದು ಜಾಸ್ತಿ, ಬಿಸಿ ಜಾಸ್ತಿ.

ಹಾಗಾದರೆ ಏನು ಹಾಕಿಸಬೇಕು? ಅರ್ಧ ಎಚ್‌ಪಿಗೆ ಆ ಒಂದೆರಡು ಕ್ಷಣದ ಎಳೆತ ತಾಳುವ 2 ಕೆವಿಎ (2000 ವಿಎ) ಸೈನ್ ವೇವ್ ಇನ್ವರ್ಟರ್, 24 ವೋಲ್ಟ್, ಅಂದರೆ ಎರಡು ಬ್ಯಾಟರಿ. ಒಂದು ಎಚ್‌ಪಿಗೆ 3.5 ಕೆವಿಎ, ಸಾಮಾನ್ಯವಾಗಿ ನಾಲ್ಕು ಬ್ಯಾಟರಿ. ಎರಡು ಬ್ಯಾಟರಿ ಯಾಕೆ, ಒಂದೇ ದೊಡ್ಡದು ಸಾಲದಾ ಅಂತ ಕೇಳಬಹುದು. 12 ವೋಲ್ಟಿನ ಒಂದೇ ಬ್ಯಾಟರಿಯಿಂದ ಈ ಮೋಟಾರ್ ಓಡಿಸಿದರೆ ಬ್ಯಾಟರಿ ವೈರಿನಲ್ಲಿ 60 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಶುರುವಾಗುವ ಕ್ಷಣದಲ್ಲಿ ಇನ್ನೂರು ಮುನ್ನೂರು. ಟರ್ಮಿನಲ್ ಸ್ವಲ್ಪ ಸಡಿಲವಿದ್ದರೂ, ಬಿಳಿ ಪುಡಿ ಕಟ್ಟಿದ್ದರೂ ಅಲ್ಲೇ ಕಾದು ವೋಲ್ಟೇಜು ಬಿದ್ದುಹೋಗುತ್ತದೆ. 24 ವೋಲ್ಟ್ ಮಾಡಿದರೆ ಆ ಆಂಪಿಯರ್ ಅರ್ಧಕ್ಕೆ ಇಳಿಯುತ್ತದೆ. ವೈರು ಗಿಡ್ಡವಾಗಿರಲಿ, ದಪ್ಪವಾಗಿರಲಿ.

ಎಎಚ್ ಬಗ್ಗೆಯೂ ಒಂದು ಮಾತು. 150 ಎಎಚ್ ಅಂತ ಬರೆದಿರುವುದು ನಿಧಾನವಾಗಿ, ಅಂದರೆ 7.5 ಆಂಪಿಯರಿನಂತೆ 20 ಗಂಟೆ ಬಳಸಿದರೆ ಸಿಗುವ ಲೆಕ್ಕ. ಒಂದೇ ಸಮ ಜೋರಾಗಿ ಎಳೆದರೆ ಅಷ್ಟು ಸಿಗಲ್ಲ. ಮೇಲೆ ನಾನು ಅರ್ಧ ಅಂತ ಹಿಡಿದದ್ದು ಅದಕ್ಕೇ. ಲಿಥಿಯಂ ಬ್ಯಾಟರಿಗೆ ಈ ಕಾಟ ಕಡಿಮೆ. ಆದರೆ ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರ್ ತನಕ ಹರಿಯಲು ಬಿಡುತ್ತದೆ ಅಂತ ಕೇಳಿಯೇ ಕೊಳ್ಳಿ. ಇಲ್ಲದಿದ್ದರೆ ಮೋಟಾರ್ ಒದ್ದ ಕ್ಷಣಕ್ಕೆ ಅದೇ ಬಾಗಿಲು ಮುಚ್ಚಿಕೊಳ್ಳುತ್ತದೆ.

ಮೋಟಾರ್ ಹೇಗೂ ಹಳೆಯದಾಗಿದೆ, ಬದಲಿಸಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ತ್ರೀ ಫೇಸ್ ಮೋಟಾರ್ ಹಾಕಿಸಿ, ಸಿಂಗಲ್ ಫೇಸಿನಿಂದ ಅದನ್ನು ಓಡಿಸುವ ಚಿಕ್ಕ ವಿಎಫ್‌ಡಿ (ಮೋಟಾರಿನ ವೇಗ ಹತೋಟಿಯಲ್ಲಿಡುವ ಸಾಧನ) ಇಡಿಸಬಹುದು. ಅದು ಮೋಟಾರನ್ನು ನಿಧಾನವಾಗಿ ತಿರುಗಿಸುತ್ತಾ ವೇಗಕ್ಕೆ ತರುತ್ತದೆ. ಆ ಐದಾರು ಪಟ್ಟಿನ ಒದೆತವೇ ಇರುವುದಿಲ್ಲ. ಹಾಗಾಗಿ ಇನ್ವರ್ಟರ್ ಕೂಡ ಚಿಕ್ಕದು ಸಾಕು. ಈಗಿರುವ ಕೆಪಾಸಿಟರ್ ಮೋಟಾರಿಗೆ ಮಾತ್ರ ವಿಎಫ್‌ಡಿ ಹೊಂದುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಿಮ್ಮಂಥ ಮನೆಗೆ ಇದು ಯಾವುದೂ ಬೇಡ. ಊರುಗಳ ನೀರು ಸರಬರಾಜಿಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ನಾಲ್ಕು ಜನಕ್ಕೆ 540. ಮೇಲೆ 1000 ಲೀಟರ್ ಟ್ಯಾಂಕಿದ್ದು ಅದು ತುಂಬಿದ್ದರೆ ಹೆಚ್ಚುಕಡಿಮೆ ಎರಡು ದಿನ ನಡೆಯುತ್ತದೆ. ಟ್ಯಾಂಕು ಚಿಕ್ಕದಿದ್ದರೆ ಪಕ್ಕದಲ್ಲೇ ಇನ್ನೊಂದು 500 ಲೀಟರಿನದು ಕೂರಿಸಿ. ಟ್ಯೂಬ್ಯುಲರ್ ಬ್ಯಾಟರಿಗಿಂತ ಅಗ್ಗ, ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ. ತುಂಬಿದಾಗ ಅರ್ಧ ಟನ್ ಭಾರ ಅನ್ನುವುದು ನೆನಪಿರಲಿ, ತೊಲೆ ಅಥವಾ ಗೋಡೆಯ ಮೇಲೆ ಬರುವಂತೆ ಇಡಿಸಿ. ಜೊತೆಗೆ ನೀರು ಇಳಿದಾಗ ತಾನೇ ಮೋಟಾರ್ ಹಾಕುವ ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲರ್. ಸಂಪು ಖಾಲಿಯಾದರೆ ನಿಲ್ಲಿಸುವ ಸೆನ್ಸರ್ ಇರುವುದನ್ನೇ ತಗೊಳ್ಳಿ. ಕರೆಂಟು ಹೋಗುವ ಹೊತ್ತಿಗೆ ಟ್ಯಾಂಕು ಅರ್ಧ ಖಾಲಿ ಇರುವುದರಿಂದಲೇ ಪರದಾಟ. ನಿಜ ಹೇಳಬೇಕೆಂದರೆ ಬಹಳ ಮನೆಗಳಲ್ಲಿ ಕೊರತೆ ಕರೆಂಟಿನದ್ದಲ್ಲ, ಮೋಟಾರ್ ಹಾಕಲು ಮರೆಯುವ ನಮ್ಮದೇ.

ಬ್ಯಾಟರಿ ಬೇಕೇ ಬೇಕು ಅನ್ನುವ ಜಾಗ ಬೇರೆ. ಬೆಂಗಳೂರಿನ ತಗ್ಗು ಪ್ರದೇಶಗಳ ಬೇಸ್‌ಮೆಂಟುಗಳನ್ನು ನೋಡಿ. ಜೋರು ಮಳೆ, ಕೆಳಗೆ ನೀರು ನುಗ್ಗುತ್ತಿದೆ, ಅದೇ ಹೊತ್ತಿಗೆ ಕರೆಂಟು ಇಲ್ಲ. ಅಲ್ಲಿ ನೀರು ಹೊರಹಾಕುವ ಪಂಪಿಗೆ ಬೇರೆಯದೇ ಬ್ಯಾಕಪ್ ಇರಬೇಕು. ಇನ್ವರ್ಟರನ್ನೂ ಬ್ಯಾಟರಿಯನ್ನೂ ಬೇಸ್‌ಮೆಂಟಿನಲ್ಲಲ್ಲ, ಮೇಲಿನ ಮಹಡಿಯಲ್ಲಿ ಇಡಬೇಕು. ಇದನ್ನು ಹೇಳಬೇಕಾ ಅನ್ನಿಸಬಹುದು. ಹೇಳಬೇಕಾಗಿದೆ. ನೀರಿನಲ್ಲಿ ಮುಳುಗಿದ ಬ್ಯಾಕಪ್ಪನ್ನು ನಾನೇ ಕಂಡಿದ್ದೇನೆ. ಒತ್ತಿ ನೀರು ಕೊಡುವ ಪ್ರೆಶರ್ ಪಂಪಿಗೂ ಬ್ಯಾಕಪ್ ಕೇಳುವುದು ಸಹಜ, ಯಾಕೆಂದರೆ ಕೆಲವು ಮನೆಗಳಲ್ಲಿ ಅದಿಲ್ಲದೆ ನಲ್ಲಿಯಲ್ಲಿ ನೀರೇ ಬರಲ್ಲ. ತೋಟದ ಐದು ಎಚ್‌ಪಿ ಬೋರ್‌ವೆಲ್ಲಿಗೆ ಮಾತ್ರ ಬ್ಯಾಟರಿ ಯೋಚನೆ ಬಿಡಿ. ಅಲ್ಲಿ ಹಗಲು ಸೋಲಾರಿನಿಂದ ಪಂಪು ಓಡಿಸಿ ತೊಟ್ಟಿ ತುಂಬಿಕೊಳ್ಳುವುದೇ ಸರಿ.

ನೀವು ಹಾಕಿಸುವುದೇ ಆದರೆ ಮೋಟಾರಿನ ಲೈನನ್ನು ದೀಪದ ಯುಪಿಎಸ್ ಲೈನಿಗೆ ಸೇರಿಸಬೇಡಿ. ಬೇರೆ ವೈರು, ಬೇರೆ ಚೇಂಜ್‌ಓವರ್ ಸ್ವಿಚ್, ಸರಿಯಾದ ಅರ್ಥಿಂಗ್ ಇರಲಿ. ಲೆಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಾಡುವ ಕಡೆ ಇಡಿ. ಅಂಗಡಿಯವರಿಗೆ ಒಂದು ಷರತ್ತು ಹಾಕಿ: ಮೋಟಾರನ್ನು ನಮ್ಮ ಮನೆಯಲ್ಲೇ, ಮೇನ್ ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಬಿಟ್ಟು ಐದು ಸಲ ಶುರು ಮಾಡಿ ತೋರಿಸಿ. ಕ್ಲಾಂಪ್ ಮೀಟರ್ ಹಾಕಿ ಆಂಪಿಯರನ್ನೂ ತೋರಿಸಿ. ಐದಕ್ಕೆ ಐದೂ ಓಡಿದರೆ ದುಡ್ಡು ಕೊಡಿ.